ರಾತ್ರಿ ಹನ್ನೆರಡರ ಹೊತ್ತು ಮಾತ್ರ ನನ್ನದು ಅನ್ನುವವರಿಗೆ

ನಮ್ಮಕ್ಕ ಇರುವುದು ತುಮಕೂರಿನಲ್ಲಿ. ಕೆಲಸ ಬೆಂಗಳೂರಿನಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ತಿಂಡಿ ಮಾಡಿ, ಮೂರು ಡಬ್ಬಿ ಕಟ್ಟಿ, ಮಗನನ್ನು ಎಬ್ಬಿಸಿ, ಅತ್ತೆಯವರ ಮಾತ್ರೆ ತೆಗೆದಿಟ್ಟು ರೈಲು ಹಿಡಿಯಲು ಓಡುತ್ತಿದ್ದಳು. ವಾಪಸ್ ಬರುವಾಗ ಸಂಜೆ ಏಳೂವರೆ. ಮತ್ತೆ ಅಡುಗೆ, ಮಗನ ಹೋಂವರ್ಕ್, ನಾಳೆಗೆ ತರಕಾರಿ ಹೆಚ್ಚಿಡುವುದು. ಎಲ್ಲರೂ ಮಲಗಿದ ಮೇಲೆ ಹನ್ನೊಂದಕ್ಕೆ ಫೋನ್ ಹಿಡಿದು ಕೂತರೆ ಏಳುವುದು ಹನ್ನೆರಡೂವರೆಗೆ. ಒಂದು ಸಲ ಕೇಳಿದೆ, ಯಾಕಕ್ಕ ನಿದ್ದೆ ಬಿಟ್ಟು ಹೀಗೆ ಕೂರ್ತೀಯ ಅಂತ.

"ಇಡೀ ದಿನದಲ್ಲಿ ಇದೊಂದೇ ಹೊತ್ತು ನಂದು ಕಣೇ. ಇದನ್ನೂ ಬಿಟ್ಟರೆ ನನಗೇನು ಉಳಿಯುತ್ತೆ?" ಅಂದಳು.

ಆ ಮಾತು ಇವತ್ತಿಗೂ ನನ್ನ ತಲೆಯಲ್ಲಿದೆ. ಅವಳು ಹೇಳಿದ್ದು ಪೂರ್ತಿ ನಿಜ. ತನ್ನ ಕಡೆಗೂ ಸ್ವಲ್ಪ ನೋಡಿಕೊಳ್ಳಬೇಕು ಅನ್ನುವ ಆಸೆಯಿಂದಲೇ ಅವಳು ಆ ಒಂದೂವರೆ ಗಂಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆದರೆ ಅದನ್ನು ತೆಗೆದದ್ದು ತನ್ನದೇ ನಿದ್ದೆಯಿಂದ. ಹನ್ನೆರಡೂವರೆಯಿಂದ ಐದು ಅಂದರೆ ನಾಲ್ಕೂವರೆ ಗಂಟೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ದಿನಕ್ಕೆ ಎರಡೂವರೆ ಗಂಟೆ ಸಾಲ, ಐದು ದಿನಕ್ಕೆ ಹನ್ನೆರಡೂವರೆ. ಭಾನುವಾರ ಹತ್ತರವರೆಗೆ ಮಲಗಿದರೂ ಅದು ತೀರುವುದಿಲ್ಲ.

ನಿಮ್ಮ ಆರೈಕೆ ನೀವು ಮಾಡಿಕೊಳ್ಳಿ ಅಂತ ಹೇಳುವವರು ಸಾಮಾನ್ಯವಾಗಿ ಒಂದು ಪಟ್ಟಿ ಕೊಡುತ್ತಾರೆ. ಬೇಗ ಏಳಿ, ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಿರಿ, ಧ್ಯಾನ ಮಾಡಿ, ಡೈರಿ ಬರೆಯಿರಿ, ಮುಖಕ್ಕೆ ಇದನ್ನು ಹಚ್ಚಿ, ಹತ್ತು ಸಾವಿರ ಹೆಜ್ಜೆ ನಡೆಯಿರಿ. ಒಂದೊಂದೂ ಒಳ್ಳೆಯದೇ ಇರಬಹುದು. ಆದರೆ ಈಗಾಗಲೇ ತುಂಬಿ ತುಳುಕುವ ದಿನಕ್ಕೆ ಇನ್ನೂ ಆರು ಕೆಲಸ ತುರುಕಿದರೆ ನಾಲ್ಕನೇ ದಿನಕ್ಕೆ ಎಲ್ಲ ಬಿಟ್ಟುಹೋಗುತ್ತದೆ, ಮೇಲಿಂದ ನನ್ನ ಕೈಲಿ ಇಷ್ಟೂ ಆಗಲ್ಲ ಅನ್ನುವ ಕೊರಗು ಬೇರೆ.

ಮದುವೆಗೆ ಚಪ್ಪರ ಹಾಕುವವರು ಮೊದಲು ಕಂಬ ನೆಡುತ್ತಾರೆ. ಮಾವಿನ ಸೊಪ್ಪು, ಬಾಳೆಕಂದು, ಸೀರಿಯಲ್ ಸೆಟ್ ಎಲ್ಲ ಆಮೇಲೆ. ನಮ್ಮ ದಿನಕ್ಕೂ ಹಾಗೆ ಕೆಲವು ಕಂಬ ಬೇಕು: ಏಳುವ ಹೊತ್ತು, ಬೆಳಕು ನೋಡುವ ಹೊತ್ತು, ಊಟದ ಹೊತ್ತು, ಕೊನೆಯ ಕಾಫಿಯ ಹೊತ್ತು. ಇವು ಯಾಕೆ ಇಷ್ಟು ಮುಖ್ಯ ಅಂತ ಗೊತ್ತಾದರೆ ಉಳಿದದ್ದನ್ನು ನೀವೇ ತೀರ್ಮಾನ ಮಾಡಬಹುದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಳಗಿನ ಗಡಿಯಾರ

ಎರಡು ಕಣ್ಣಿನ ನರಗಳು ಮಿದುಳಿನೊಳಗೆ ಒಂದನ್ನೊಂದು ದಾಟುವ ಜಾಗವಿದೆ. ಅದರ ಸ್ವಲ್ಪ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ, ಸುಮಾರು 20 ಸಾವಿರ ನರಕೋಶಗಳ ಒಂದು ಗುಂಪಿದೆ. ದೇಹದ ಮುಖ್ಯ ಗಡಿಯಾರ ಇದೇ. ಯಾವಾಗ ನಿದ್ದೆ ಎಳೆಯಬೇಕು, ಯಾವಾಗ ಎಚ್ಚರ ಬರಬೇಕು, ಮೈ ಶಾಖ ಯಾವಾಗ ಇಳಿಯಬೇಕು ಅಂತ ಇದು ಸೂಚನೆ ಕೊಡುತ್ತಿರುತ್ತದೆ. ಲಿವರ್, ಕರುಳು, ಸ್ನಾಯು ಇವುಗಳಿಗೂ ಅವುಗಳದ್ದೇ ಚಿಕ್ಕ ಗಡಿಯಾರಗಳಿವೆ.

ಈ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಅಂತ ಗೊತ್ತಾಗಿದ್ದು ಹಣ್ಣುನೊಣಗಳಿಂದ, ಅಂದರೆ ಮಾಗಿದ ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಅವುಗಳಿಂದ. ಅದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್, ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಕೆಲಸ ಮಾಡುವ ರೀತಿ ಮನೆಯ ಓವರ್‌ಹೆಡ್ ಟ್ಯಾಂಕಿನ ಆಟೋಮ್ಯಾಟಿಕ್ ಮೋಟರಿನ ಹಾಗೆ. ಒಂದು ಜೀನ್ ಒಂದು ಪ್ರೋಟೀನ್ ತಯಾರಿಸುತ್ತಾ ಹೋಗುತ್ತದೆ. ಆ ಪ್ರೋಟೀನ್ ತುಂಬಿದಾಗ ತನ್ನನ್ನು ತಯಾರಿಸಿದ ಜೀನನ್ನೇ ನಿಲ್ಲಿಸುತ್ತದೆ. ಆಮೇಲೆ ನಿಧಾನಕ್ಕೆ ಕರಗುತ್ತದೆ, ಕರಗಿದ ಮೇಲೆ ಜೀನ್ ಮತ್ತೆ ಶುರು. ಈ ಒಂದು ಸುತ್ತಿಗೆ ಸರಿಸುಮಾರು ಒಂದು ದಿನ ಹಿಡಿಯುತ್ತದೆ.

ಸರಿಸುಮಾರು ಅಂದೆ. ಮನುಷ್ಯರಲ್ಲಿ ಸರಾಸರಿ ಲೆಕ್ಕ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಜಾಸ್ತಿ. ಸುಮ್ನೆ ಬಿಟ್ಟರೆ ಗಡಿಯಾರ ದಿನಾ ಸ್ವಲ್ಪ ಹಿಂದೆ ಬೀಳುತ್ತದೆ, ನಿದ್ದೆ ತಡವಾಗುತ್ತಾ ಹೋಗುತ್ತದೆ. ಅದನ್ನು ದಿನಾ ಸರಿಮಾಡುವುದು ಬೆಳಗಿನ ಬೆಳಕು. ಇಲ್ಲೇ ನಾವು ಎಡವುವುದು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಬೆಳಕು ಸಾಮಾನ್ಯವಾಗಿ 100ರಿಂದ 300 ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಹೊರಗೆ ಮೋಡ ಕವಿದಿದ್ದರೂ ಹೊತ್ತೇರಿದ ಮೇಲೆ ಹಲವು ಸಾವಿರ ಲಕ್ಸ್ ಇರುತ್ತದೆ. ಕಣ್ಣು ಎರಡಕ್ಕೂ ಬೇಗ ಒಗ್ಗಿಕೊಳ್ಳುವುದರಿಂದ ನಮಗೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ, ಆದರೆ ಒಳಗಿನ ಗಡಿಯಾರಕ್ಕೆ ಕಾಣುತ್ತದೆ. ಅಡುಗೆಮನೆಯಿಂದ ನೇರ ಬಸ್ಸು, ಬಸ್ಸಿನಿಂದ ನೇರ ಆಫೀಸು ಅಂತಾದರೆ ಅದಕ್ಕೆ ಬೆಳಗಾದದ್ದೇ ಸರಿಯಾಗಿ ಗೊತ್ತಾಗುವುದಿಲ್ಲ.

ಆದ್ದರಿಂದ ಸೂರ್ಯ ಹುಟ್ಟಿದ ಮೇಲೆ ಹತ್ತಿಪ್ಪತ್ತು ನಿಮಿಷ ಹೊರಗಿರಿ. ಸೂರ್ಯನನ್ನು ದಿಟ್ಟಿಸಿ ನೋಡಬಾರದು, ಬಯಲಿನಲ್ಲಿ ಇದ್ದರೆ ಸಾಕು. ರಂಗೋಲಿ ಬಿಡುವುದು, ಗಿಡಕ್ಕೆ ನೀರು ಹಾಕುವುದು, ಮಗುವನ್ನು ಸ್ಕೂಲ್ ವ್ಯಾನಿಗೆ ಬಿಡುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಕ್ಕ ಮಾಡಿದ್ದು ಇಷ್ಟೇ: ಸ್ಟೇಷನ್ನಿನಲ್ಲಿ ಶೆಲ್ಟರ್ ಕೆಳಗೆ ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದವಳು ಪ್ಲಾಟ್‌ಫಾರ್ಮಿನ ತುದಿಗೆ, ಮೇಲೆ ಚಾವಣಿ ಇಲ್ಲದ ಕಡೆ ಹೋಗಿ ನಿಂತಳು. ಅದಕ್ಕೆ ಒಂದು ನಿಮಿಷವೂ ಹೆಚ್ಚು ಖರ್ಚಾಗಲಿಲ್ಲ.

ಎರಡನೆಯದು, ಏಳುವ ಹೊತ್ತು. ಮಲಗುವ ಹೊತ್ತನ್ನು ಬಲವಂತವಾಗಿ ತರುವುದು ಕಷ್ಟ, ಏಳುವ ಹೊತ್ತು ನಮ್ಮ ಕೈಯಲ್ಲಿದೆ. ಭಾನುವಾರವೂ ಸೇರಿ ದಿನಾ ಅದೇ ಹೊತ್ತಿಗೆ, ಹೆಚ್ಚೆಂದರೆ ಒಂದು ಗಂಟೆ ಆಚೀಚೆ. ಭಾನುವಾರ ಎರಡೂವರೆ ಗಂಟೆ ತಡವಾಗಿ ಎದ್ದರೆ, ದೇಹದ ಮಟ್ಟಿಗೆ ಅದು ಸೌದಿಗೆ ಹೋಗಿ ಮಾರನೇ ದಿನ ವಾಪಸ್ ಬಂದ ಹಾಗೆ. ಅಲ್ಲಿಗೂ ನಮಗೂ ಇರುವ ಗಡಿಯಾರದ ಅಂತರ ಅಷ್ಟೇ. ಭಾನುವಾರ ರಾತ್ರಿ ನಿದ್ದೆ ಬರದೆ ಹೊರಳಾಡಿ ಸೋಮವಾರ ತಲೆ ಭಾರ ಅನ್ನುತ್ತೇವಲ್ಲ, ಅದಕ್ಕೆ ಸೋಮವಾರದ ಆಫೀಸು ಮಾತ್ರ ಕಾರಣವಲ್ಲ. ನಿದ್ದೆ ತೀರಿಸಲೇಬೇಕು ಅಂದರೆ ಶನಿವಾರ ರಾತ್ರಿ ಒಂದು ಗಂಟೆ ಬೇಗ ಮಲಗಿ.

ರಾತ್ರಿ ಪಾಳಿಯವರ ವಿಷಯ ಬೇರೆ. ನರ್ಸ್‌ಗಳು, ಬಸ್ ಚಾಲಕರು, ವಿದೇಶದ ಸಮಯಕ್ಕೆ ಕೆಲಸ ಮಾಡುವವರು ಬೆಳಗಿನ ಬಿಸಿಲು ಹುಡುಕಿಕೊಂಡು ಹೋದರೆ ನಿದ್ದೆ ಇನ್ನಷ್ಟು ಕೆಡುತ್ತದೆ. ಅವರು ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡು (ಗಾಡಿ ಓಡಿಸುತ್ತಾ ತೂಕಡಿಕೆ ಬರುತ್ತಿದ್ದರೆ ಬೇಡ, ಗಾಡಿಯೇ ಬೇಡ) ಕತ್ತಲು ಮಾಡಿದ ಕೋಣೆಯಲ್ಲಿ ಮಲಗಬೇಕು. ಮನೆಯವರು ಆ ಹೊತ್ತನ್ನು ರಾತ್ರಿ ಅಂತಲೇ ತಿಳಿದುಕೊಂಡು ಕುಕ್ಕರ್, ಟಿವಿ, ಡೋರ್‌ಬೆಲ್ ಎಲ್ಲದರ ಬಗ್ಗೆ ಕಾಳಜಿ ಮಾಡಬೇಕು. ಹಗಲು ಮಲಗುವವರನ್ನು ಸೋಮಾರಿ ಅನ್ನುವ ಮನೆಗಳಿವೆ. ನನಗೆ ಅದು ತುಂಬಾ ನೋವಿನ ವಿಷಯ.

ಸಂಜೆ ಆರರ ಕಾಫಿ

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಸಿಂಕಿನಲ್ಲಿ ಪಾತ್ರೆ ಬೀಳುತ್ತಾ ಹೋದ ಹಾಗೆ. ಅದು ಜಾಸ್ತಿಯಾದಷ್ಟೂ ನಿದ್ದೆಯ ಒತ್ತಡ ಜಾಸ್ತಿ. ಮಲಗಿದಾಗ ಪಾತ್ರೆಯೆಲ್ಲ ತೊಳೆದು ಸಿಂಕ್ ಖಾಲಿಯಾಗುತ್ತದೆ. ಅಡೆನೊಸಿನ್ ಹೋಗಿ ಕೂರುವ ಸೀಟುಗಳು ಮಿದುಳಿನಲ್ಲಿವೆ. ಕಾಫಿಯಲ್ಲಿರುವ ಕೆಫೀನ್ ಮಾಡುವುದೇನೆಂದರೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಅಡೆನೊಸಿನ್ ಬರುವ ಮೊದಲೇ ಆ ಸೀಟುಗಳನ್ನು ಹಿಡಿಯುತ್ತದೆ. ದಣಿವು ಹೋಗಿರುವುದಿಲ್ಲ, ಅಲ್ಲೇ ನಿಂತಿರುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೇ. ಕೆಫೀನ್ ಇಳಿದು ಹೋದ ಕೂಡಲೇ ನಿಂತಿದ್ದವರೆಲ್ಲ ಒಟ್ಟಿಗೆ ಕೂರುತ್ತಾರೆ.

ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಕಡಿಮೆ, ಕೆಲವರಿಗೆ ಹೆಚ್ಚು, ಗರ್ಭಿಣಿಯರಿಗೆ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಕುಡಿದರೆ ರಾತ್ರಿ ಹನ್ನೊಂದಕ್ಕೆ ಇನ್ನೂ ಅರ್ಧ ಲೋಟದಷ್ಟು ಮೈಯಲ್ಲೇ ಇದೆ ಅಂತಾಯಿತು. ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತೆ ಅನ್ನುವವರಿದ್ದಾರೆ. ಬರಬಹುದು, ಆದರೆ ಆ ನಿದ್ದೆ ಗಾಢವಾಗಿರುವುದಿಲ್ಲ. ಬೆಳಿಗ್ಗೆ ಎದ್ದಾಗ ಮೈ ಹಗುರ ಅನ್ನಿಸದೆ ಮತ್ತೆ ದೊಡ್ಡ ಲೋಟ ಕಾಫಿ. ಹತ್ತಕ್ಕೆ ಮಲಗಬೇಕೆನ್ನುವವರು ಕೊನೆಯ ಕಾಫಿ ಟೀಯನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು. ಸಂಜೆ ಮನೆಗೆ ಬಂದಾಗ ಕೈಯಲ್ಲಿ ಬಿಸಿ ಲೋಟ ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ ಆಗುತ್ತೆ ಅನ್ನುವುದು ನನಗೂ ಗೊತ್ತು. ಜೀರಿಗೆ ಕಷಾಯ, ಬರೀ ಹಾಲು, ತೆಳ್ಳಗಿನ ರಾಗಿ ಅಂಬಲಿ, ಯಾವುದಾದರೂ ಆಗುತ್ತದೆ.

ಮಧ್ಯಾಹ್ನ ಒಂದರಿಂದ ಮೂರರ ನಡುವೆ ಬರುವ ತೂಕಡಿಕೆಗೆ ಊಟ ಮಾತ್ರ ಕಾರಣವಲ್ಲ, ಆಗ ಒಳಗಿನ ಗಡಿಯಾರವೇ ಸ್ವಲ್ಪ ಮಂಕಾಗುತ್ತದೆ. ಆಗುವುದಾದರೆ ಇಪ್ಪತ್ತು ನಿಮಿಷ ಅಡ್ಡಾಗಿ. ಒಂದು ಗಂಟೆ ಮಲಗಿದರೆ ಎದ್ದಾಗ ತಲೆ ಇನ್ನೂ ಭಾರ, ರಾತ್ರಿ ನಿದ್ದೆಯೂ ದೂರ.

ಈ ಸಮಯ ಯಾರು ಕೊಡುತ್ತಾರೆ?

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಮನೆಗೆಲಸ ಮಾಡುತ್ತೇವೆ ಅಂದ ಗಂಡಸರ ಲೆಕ್ಕ 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರ ಲೆಕ್ಕ 289ಕ್ಕೆ ಇಳಿಯಿತು. ಐದು ವರ್ಷಕ್ಕೆ ಹತ್ತು ನಿಮಿಷ. ದಿನಕ್ಕೆ ಸುಮಾರು ಐದು ಗಂಟೆ ಹೀಗೆ ಹೋಗುವವರಿಗೆ "ನಿಮಗಾಗಿ ಸಮಯ ಮಾಡಿಕೊಳ್ಳಿ" ಅಂತ ಹೇಳುವುದು ಸುಲಭ. ಆ ಸಮಯ ಎಲ್ಲಿಂದ ಬರಬೇಕು? ಬೇರೆ ಎಲ್ಲಿಂದಲೂ ಬರದಿದ್ದರೆ ಅದು ನಿದ್ದೆಯಿಂದಲೇ ಬರುತ್ತದೆ. ಅಕ್ಕನಿಗೆ ಆದದ್ದೂ ಅದೇ.

ಹಾಗಾಗಿ ಒಬ್ಬರ ಆರೈಕೆ ಇಡೀ ಮನೆಯವರು ಕೂತು ಮಾತಾಡಬೇಕಾದ ವಿಷಯ. ಅಕ್ಕನ ಮನೆಯಲ್ಲಿ ಒಂದು ಭಾನುವಾರ ಎಲ್ಲ ಕೆಲಸಗಳನ್ನೂ ಕ್ಯಾಲೆಂಡರಿನ ಹಿಂದೆ ಬರೆದರು. ಬರೆದಾಗಲೇ ಭಾವನಿಗೂ ಅದೆಷ್ಟಿದೆ ಅಂತ ಕಂಡಿದ್ದು. ರಾತ್ರಿ ತರಕಾರಿ ಹೆಚ್ಚುವುದು, ಬೆಳಿಗ್ಗೆ ಡಬ್ಬಿ ಕಟ್ಟುವುದು ಎರಡೂ ಭಾವನ ಪಾಲಿಗೆ ಬಂತು. ಸಹಾಯ ಮಾಡುತ್ತೇನೆ ಅನ್ನುವುದಕ್ಕೂ ಇದು ನನ್ನ ಕೆಲಸ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಸಹಾಯ ಮಾಡುವವರಿಗೆ ದಿನಾ ಹೇಳಬೇಕು, ನೆನಪಿಸಬೇಕು, ಆ ನೆನಪಿಡುವ ಭಾರ ಅವಳ ತಲೆಯಲ್ಲೇ ಉಳಿಯುತ್ತದೆ. ಅತ್ತೆಯವರು ತಾವಾಗಿಯೇ ಏಳು ದಿನದ ಮಾತ್ರೆ ಡಬ್ಬಿ ತರಿಸಿಕೊಂಡು ಭಾನುವಾರ ತಾವೇ ತುಂಬಿಡುತ್ತೇನೆ ಅಂದರು. ಮಗನಿಗೆ ಯೂನಿಫಾರ್ಮ್, ಬ್ಯಾಗು, ನೀರಿನ ಬಾಟಲಿ.

ಇದರಿಂದ ಸಂಜೆ ಎಂಟೂವರೆಯಿಂದ ಒಂಬತ್ತು ಇಪ್ಪತ್ತರವರೆಗೆ ಐವತ್ತು ನಿಮಿಷ ಅವಳ ಕೈಗೆ ಸಿಕ್ಕಿತು. ಆ ಹೊತ್ತಿನಲ್ಲಿ ಅವಳು ಏನು ಮಾಡಬೇಕು ಅಂತ ಯಾರೂ ಕೇಳುವ ಹಾಗಿಲ್ಲ. ಒಂದು ದಿನ ತಾರಸಿ ಮೇಲೆ ಸುಮ್ನೆ ಕೂರುತ್ತಾಳೆ, ಒಂದು ದಿನ ಗೆಳತಿಗೆ ಫೋನ್, ಒಂದು ದಿನ ಸೀರಿಯಲ್. ಸಂಜೆಯೇ ನನ್ನದು ಅನ್ನುವ ಹೊತ್ತು ಸಿಕ್ಕಿದ ಮೇಲೆ ರಾತ್ರಿ ಹನ್ನೆರಡಕ್ಕೆ ಅದನ್ನು ಕದಿಯುವ ಅಗತ್ಯ ತಾನಾಗಿ ಕಡಿಮೆಯಾಯಿತು. ಫೋನ್ ಚಾರ್ಜರ್ ಅಡುಗೆಮನೆ ಪ್ಲಗ್ಗಿಗೆ ಹೋಯಿತು. ಇದನ್ನು ಮೊದಲೇ ಮಾಡಿದ್ದರೆ, ಅಂದರೆ ಸಮಯ ಕೊಡದೆ ಫೋನ್ ಮಾತ್ರ ಕಿತ್ತುಕೊಂಡಿದ್ದರೆ, ಅದು ಅವಳಿಗೆ ಶಿಕ್ಷೆಯಾಗುತ್ತಿತ್ತು.

ಊಟ, ನಡಿಗೆ, ಉಸಿರು

ಊಟದ ಬಗ್ಗೆ ಎಲ್ಲರಿಗೂ ಸಾಕಷ್ಟು ಗೊತ್ತಿದೆ, ಅದಕ್ಕೆ ನಾವು ಸಾಮಾನ್ಯವಾಗಿ ತಪ್ಪುವ ಎರಡೇ ವಿಷಯ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಅಕ್ಕಿ, ರಾಗಿ, ಗೋಧಿ, ಜೋಳ ಎಲ್ಲ ಸೇರಿ ನಮಗೆ ಊಟದಿಂದ ಬರುವ ಶಕ್ತಿಯಲ್ಲಿ ಶೇ. 45ಕ್ಕಿಂತ ಹೆಚ್ಚು ಇರಬಾರದು. ನಮ್ಮ ತಟ್ಟೆ ನೋಡಿ: ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮುದ್ದೆಯ ಮೇಲೆ ಮತ್ತೆ ಅನ್ನ. ಅನ್ನ ಬಿಡಿ ಅಂತ ನಾನು ಹೇಳುವುದಿಲ್ಲ. ಪಲ್ಯವನ್ನು ಉಪ್ಪಿನಕಾಯಿಯ ಹಾಗೆ ತಟ್ಟೆಯ ಮೂಲೆಗೆ ಹಾಕಿಕೊಳ್ಳುವುದನ್ನು ಬಿಡಿ. ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ, ಕೋಸಂಬರಿ, ಮೊಳಕೆ ಹುರುಳಿಕಾಳು, ಮೊಟ್ಟೆ, ಇವು ಅನ್ನದಷ್ಟೇ ಜಾಗ ಹಿಡಿಯಲಿ.

ಇನ್ನೊಂದು, ತಿಂಡಿಯ ಜೊತೆಗೇ ಕಾಫಿ. ಕಾಫಿ ಟೀಯಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಊಟದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಸೇರದ ಹಾಗೆ ಮಾಡುತ್ತವೆ. ಊಟ ತಿಂಡಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಇವು ಬೇಡ. ಸೊಪ್ಪಿನ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ ಅನ್ನುವವರು ದಿನಚರಿ ಬದಲಿಸುವ ಮೊದಲು ದಯವಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದು ಸೋಮಾರಿತನವಲ್ಲ, ಕಾಯಿಲೆ. ಥೈರಾಯ್ಡ್, ಸಕ್ಕರೆ ಕೂಡ ನೋಡಿಸಿ. ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದೆ ಅಂತ ಮನೆಯವರು ಹೇಳಿದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ನೀರು ಬಾಯಾರಿದಾಗ ಕುಡಿಯಿರಿ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದರ ಬಗ್ಗೆ ಇಷ್ಟು ಸಾಕು.

ನಡಿಗೆಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗಕ್ಕೆ ಅದೇ ಅಳತೆ. ಒಂದೇ ಸಲ ಆಗಬೇಕೆಂದಿಲ್ಲ. ಊಟವಾದ ಮೇಲೆ ಹತ್ತು ನಿಮಿಷ ಓಡಾಡಿದರೆ ವಿಶೇಷ ಲಾಭ ಇದೆ: ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಆದರೆ ಅದೇ ಸಂಸ್ಥೆ ಹೇಳಿದ ಇನ್ನೊಂದು ಮಾತನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಬೇಕು. ಮನೆಗೆಲಸವೇ ವ್ಯಾಯಾಮ ಅಲ್ವಾ ಅಂತ ಕೇಳುತ್ತಾರೆ. ಗುಡಿಸುವುದು ಒರೆಸುವುದು ದೇಹವನ್ನು ಆಡಿಸುತ್ತದೆ, ಒಳ್ಳೆಯದು. ಆದರೆ ದಿನಾ ಅದೇ ಬಗ್ಗುವಿಕೆ, ಅದೇ ಭುಜ, ಅದೇ ಸೊಂಟ. ಬಲ ಬೆಳೆಯಬೇಕಾದರೆ ಭಾರ ಸ್ವಲ್ಪ ಸ್ವಲ್ಪವೇ ಹೆಚ್ಚಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಎರಡೂ ಕೈ ಕೊಟ್ಟು ದಂಡ ಹೊಡೆಯುವುದು, ಅಷ್ಟರಿಂದ ಶುರು ಮಾಡಿ. ವಯಸ್ಸಾದಾಗ ಬಚ್ಚಲಿನಲ್ಲಿ ಜಾರಿದರೆ ಮೈಯನ್ನು ಹಿಡಿದು ನಿಲ್ಲಿಸುವುದು ಇದೇ ಬಲ.

ಮನಸ್ಸಿನ ವಿಷಯಕ್ಕೆ ಬಂದರೆ, ತೀರಾ ಗಾಬರಿಯಾದಾಗ ನಾಲ್ಕು ಎಣಿಸುತ್ತಾ ಉಸಿರು ಎಳೆದು ಆರು ಎಣಿಸುತ್ತಾ ಬಿಡಿ, ಐದು ನಿಮಿಷ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿ ನಿಧಾನವಾಗುತ್ತದೆ, ಆದ್ದರಿಂದ ಬಿಡುವ ಉಸಿರು ಉದ್ದವಾಗಿರಲಿ. ಮನಸ್ಸು ಬಿಚ್ಚಿ ಮಾತಾಡುವ ಒಬ್ಬರಾದರೂ ಇರಲಿ. ಮೊದಲು ಜಗಲಿ ಇತ್ತು, ಹೂ ಕಟ್ಟುತ್ತಾ ಸೊಪ್ಪು ಬಿಡಿಸುತ್ತಾ ದಿನದ ಭಾರ ಅಲ್ಲೇ ಇಳಿಯುತ್ತಿತ್ತು. ಈಗ ಆ ಹೊತ್ತನ್ನು ನಾವೇ ಮಾಡಿಕೊಳ್ಳಬೇಕು. ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಮೊದಲು ಇಷ್ಟವಿದ್ದದ್ದು ಯಾವುದೂ ಬೇಡ ಅನ್ನಿಸುತ್ತಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ, ಅದು ದಿನಚರಿಯಿಂದ ಸರಿಹೋಗುವ ಹಂತ ದಾಟಿದೆ ಅಂತ ತಿಳಿಯಿರಿ. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ದಿನ ಬೇಕು?

21 ದಿನದಲ್ಲಿ ಅಭ್ಯಾಸವಾಗುತ್ತದೆ ಅನ್ನುವ ಮಾತನ್ನು ನಂಬಿ ತುಂಬಾ ಜನ 22ನೇ ದಿನ ಸೋತೆ ಅಂದುಕೊಳ್ಳುತ್ತಾರೆ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2009ರಲ್ಲಿ ಮೊದಲು ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಅಭ್ಯಾಸ ತಾನಾಗಿ ಬರಲು ಸರಾಸರಿ 66 ದಿನ ಬೇಕಾಯಿತು. ಲೆಕ್ಕ 18 ದಿನದಿಂದ 254 ದಿನದವರೆಗೂ ಹರಡಿತ್ತು. ನನಗೆ ತುಂಬಾ ಧೈರ್ಯ ಕೊಟ್ಟಿದ್ದು ಅದರ ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಹಾಳಾಗಲಿಲ್ಲ. ಹೊಸದನ್ನು ಈಗಾಗಲೇ ಇರುವ ಕೆಲಸಕ್ಕೆ ಕಟ್ಟಿಹಾಕಿದರೆ ಇನ್ನೂ ಸುಲಭ. ಕುಕ್ಕರ್ ಇಟ್ಟ ಮೇಲೆ ಮೂರು ವಿಷಲ್ ಬರುವವರೆಗೆ ಗೋಡೆ ದಂಡ, ಹೀಗೆ. ಎರಡು ವಾರಕ್ಕೆ ಒಂದೇ ಬದಲಾವಣೆ ಸಾಕು.

ಮತ್ತೆ, ಕೆಟ್ಟ ದಿನಗಳಿಗೆ ಅಂತ ಒಂದು ಚಿಕ್ಕ ದಿನಚರಿ ಮೊದಲೇ ಇಟ್ಟುಕೊಂಡಿರಿ. ಮೊನ್ನೆ ಅಕ್ಕನ ಮಗನಿಗೆ ಆರು ದಿನ ಜ್ವರ. ನಡಿಗೆ, ತಾರಸಿ, ಸಂಜೆಯ ಐವತ್ತು ನಿಮಿಷ ಎಲ್ಲ ಹೋಯಿತು. ಅವಳು ಉಳಿಸಿಕೊಂಡಿದ್ದು ಎರಡೇ, ದಿನದ ಹೊತ್ತಿಗೇ ಏಳುವುದು ಮತ್ತು ಮಧ್ಯಾಹ್ನದ ಮೇಲೆ ಕಾಫಿ ಕುಡಿಯದಿರುವುದು. ಜ್ವರ ಬಿಟ್ಟ ಮೂರನೇ ದಿನಕ್ಕೆ ಉಳಿದದ್ದು ಒಂದೊಂದಾಗಿ ವಾಪಸ್ ಬಂತು.

ಚಾರ್ಜರ್ ಈಗಲೂ ಅಡುಗೆಮನೆಯಲ್ಲೇ ಇದೆ. ರಾತ್ರಿ ಹತ್ತೂಮುಕ್ಕಾಲಿಗೆ ನಾನೇನಾದರೂ ಮೆಸೇಜ್ ಕಳಿಸಿದರೆ ಉತ್ತರ ಬರುವುದು ಬೆಳಿಗ್ಗೆ ಏಳರ ಮೇಲೆ, ಪ್ಲಾಟ್‌ಫಾರ್ಮಿನ ತುದಿಯಿಂದ.